ಮಂಜರೂರಿನಲ್ಲಿ ಮೂರು ದಿನ, ಅನ್ನ ಉಂಡು ಮೂರು ವರ್ಷ

ಪರದೇಶಕ್ಕೆ ಹೋಗಿ ಬಂದವರ ಬಾಯಲ್ಲಿ ಕತೆಗಳಿಗೆ ಬರವಿಲ್ಲ. ದಮ್ಮಾಮಿನಿಂದಲೋ ದುಬೈಯಿಂದಲೋ ರಜೆಗೆ ಬಂದವರು ಮೊದಲ ಎರಡು ದಿನ ಪೆಟ್ಟಿಗೆ ಬಿಚ್ಚುತ್ತಾರೆ, ಮೂರನೇ ದಿನದಿಂದ ಕತೆ ಬಿಚ್ಚುತ್ತಾರೆ. ಭಾಷೆ ಬಾರದೆ ಆದ ಫಜೀತಿ, ಅಲ್ಲಿನವರ ಊಟದ ಕ್ರಮ, ಚಳಿ, ಸೆಕೆ, ಎಲ್ಲವೂ ಬರುತ್ತದೆ. ಈ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಬೇಕಾದ ಒಬ್ಬರಿದ್ದಾರೆ. ಸುಮಾರು 680 ವರ್ಷಗಳ ಹಿಂದೆ ನಮ್ಮ ಮಂಗಳೂರಿಗೂ ಬಂದು ಮೂರು ದಿನ ಇದ್ದು ಹೋದವರು ಅವರು. ಹೆಸರು ಇಬ್ನ್ ಬತೂತಾ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ತುಘಲಕನ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಈ ಮನುಷ್ಯನ ಬದುಕಿನಲ್ಲಿ ನಗುವುದಕ್ಕೂ ಬಹಳ ಇದೆ, ಸುಮ್ಮನೆ ಕೂತು ಯೋಚಿಸುವುದಕ್ಕೂ ಇದೆ.

ಅವರು ಹುಟ್ಟಿದ್ದು 1304ರಲ್ಲಿ, ಮೊರೊಕ್ಕೊದ ತಂಜಾ ಪಟ್ಟಣದಲ್ಲಿ. ಈಗ ಅದನ್ನು ಟ್ಯಾಂಜಿಯರ್ ಅಂತ ಕರೆಯುತ್ತಾರೆ. ಮನೆತನ ಖಾಝಿಗಳದ್ದು, ಮಝ್‌ಹಬ್ ಮಾಲಿಕಿ. 1325ರ ಜೂನ್ ತಿಂಗಳಲ್ಲಿ, 21ನೇ ವಯಸ್ಸಿನಲ್ಲಿ, ಹಜ್ಜ್‌ಗೆಂದು ಮನೆಬಿಟ್ಟರು. ತಂದೆ ತಾಯಿ ಇಬ್ಬರೂ ಇದ್ದರು. ಜೊತೆಗೆ ಒಬ್ಬ ಸಂಗಾತಿಯೂ ಇಲ್ಲ, ಖಾಫಿಲಾ ಕೂಡ ಇಲ್ಲ. ಟ್ಯೂನಿಸ್ ತಲುಪಿದಾಗ ಊರವರೆಲ್ಲ ಬಂದು ಉಳಿದ ಪ್ರಯಾಣಿಕರಿಗೆ ಸಲಾಂ ಹೇಳಿ ತಬ್ಬಿಕೊಂಡರು. ಈ ಹುಡುಗನ ಗುರುತು ಯಾರಿಗೂ ಇಲ್ಲ, ಸಲಾಂ ಹೇಳುವವರೂ ಇಲ್ಲ. ತಡೆಯಲಾಗದೆ ಅಲ್ಲೇ ಅತ್ತುಬಿಟ್ಟರು. ಅದನ್ನು ಕಂಡ ಒಬ್ಬ ಯಾತ್ರಿಕ ಹತ್ತಿರ ಬಂದು ಮಾತಾಡಿಸಿ ಸಮಾಧಾನ ಮಾಡಿದ. ಹೊಸದಾಗಿ ಪರವೂರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲೋ ಏರ್‌ಪೋರ್ಟಿನಲ್ಲೋ ಒಬ್ಬರೇ ನಿಂತವರಿಗೆ ಇದು ಏನು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಜ್ಜ್ ಮುಗಿಸಿ ವಾಪಸ್ ಹೋಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹೋಗಲಿಲ್ಲ. ಇರಾಕ್, ಇರಾನ್, ಯಮನ್, ಆಫ್ರಿಕಾದ ಪೂರ್ವ ಕರಾವಳಿ ಅಂತ ತಿರುಗುತ್ತಲೇ ಹೋದರು. ಒಮಾನಿನ ಈಗಿನ ಸಲಾಲದ ಹತ್ತಿರದ ಝಫಾರಿನಲ್ಲಿ ದನಗಳಿಗೆ ಹುಲ್ಲಿನ ಬದಲು ಮೀನು ಹಾಕುವುದನ್ನು ಕಂಡು ಬೆರಗಾದರು. ನಮ್ಮ ಬೂತಾಯಿಯಂಥ ಸಣ್ಣ ಮೀನನ್ನು ದನ ಮೆಲುಕು ಹಾಕುತ್ತಾ ನಿಂತಿರುವುದನ್ನು ನೆನೆಸಿಕೊಳ್ಳಿ! ಅಲ್ಲೇ ಅವರು ತೆಂಗಿನಕಾಯಿಯನ್ನೂ ವೀಳ್ಯದೆಲೆಯನ್ನೂ ತಮ್ಮ ದೇಶದವರಿಗೆ ವಿವರಿಸಿದ್ದು. ತೆಂಗಿನಕಾಯಿ ಅಂದರೆ ಅವರಿಗೆ ಮನುಷ್ಯನ ತಲೆ ಇದ್ದ ಹಾಗೆ. ಎರಡು ಕಣ್ಣು, ಒಂದು ಬಾಯಿ, ಒಳಗೆ ಮೆದುಳಿನಂಥ ತಿರುಳು, ಹೊರಗೆ ಕೂದಲಿನಂಥ ನಾರು. ಹಿಂದೆ ಯಾವುದೋ ವಝೀರನ ತಲೆ ಕಡಿದು ಅದರಲ್ಲಿ ಖರ್ಜೂರದ ಬೀಜ ನೆಟ್ಟದ್ದರಿಂದ ಈ ಮರ ಹುಟ್ಟಿತು ಅನ್ನುವ ಕತೆಯನ್ನೂ ಬರೆಸಿದ್ದಾರೆ. ಕತೆ ಸುಳ್ಳು ಅಂತ ಜೊತೆಗೇ ಹೇಳಿದ್ದಾರೆ, ಆದರೆ ಹೇಳದೆ ಬಿಡುವ ಮನಸ್ಸಾಗಲಿಲ್ಲ.

ತುರ್ಕಿಗಳ ನಾಡಿನಲ್ಲಿ ಆದ ಫಜೀತಿಗಳು ಇನ್ನೂ ಗಮ್ಮತ್ತು. ಲಾಝಿಖ್ ಅನ್ನುವ ಊರಿನ ಪೇಟೆಯಲ್ಲಿ ಇವರ ತಂಡ ಹೋಗುತ್ತಿದ್ದಾಗ ಅಂಗಡಿಗಳಿಂದ ಒಂದು ಗುಂಪು ಇಳಿದು ಬಂದು ಕುದುರೆಯ ಲಗಾಮು ಹಿಡಿಯಿತು. ಇನ್ನೊಂದು ಗುಂಪು ಬಂದು ಅವರನ್ನು ತಡೆಯಿತು. ಜಗಳ ಜೋರಾಗಿ ಚೂರಿ ಹೊರಗೆ ಬಂತು. ಇವರಿಗೋ ಅವರ ಮಾತು ಒಂದಕ್ಷರ ಅರ್ಥವಾಗುವುದಿಲ್ಲ. ದರೋಡೆಕೋರರ ಕೈಗೆ ಸಿಕ್ಕಿದೆವು, ಮುಗಿಯಿತು ಅಂದುಕೊಂಡರು. ಕೊನೆಗೆ ಅರಬಿ ಬಲ್ಲ ಒಬ್ಬ ಹಾಜಿ ಬಂದು ವಿಷಯ ತಿಳಿಸಿದರು. ಆ ಎರಡು ಗುಂಪು ಅತಿಥಿ ಸತ್ಕಾರಕ್ಕೆ ಹೆಸರಾದ ಅಖೀ ಸಂಘದವರಂತೆ. ಈ ಪರದೇಶಿ ಮೊದಲು ಯಾರ ಮನೆಯಲ್ಲಿ ಉಣ್ಣಬೇಕು ಅನ್ನುವುದಕ್ಕೇ ಆ ಚೂರಿ. ಆಮೇಲೆ ಚೀಟಿ ಎತ್ತಿದ ಹಾಗೆ ಎತ್ತಿ ಒಂದು ಗುಂಪಿನವರ ಪಾಲಿಗೆ ಮೊದಲ ದಿನ, ಇನ್ನೊಂದು ಗುಂಪಿನವರಿಗೆ ಆಮೇಲಿನ ದಿನ ಅಂತ ತೀರ್ಮಾನವಾಯಿತು.

ಇನ್ನೊಂದು ಊರಿನಲ್ಲಿ ತುಪ್ಪ ಬೇಕಾಯಿತು. ಅರಬಿಯಲ್ಲಿ ತುಪ್ಪಕ್ಕೆ ಸಮ್ನ್. ಕೇಳಿದ್ದು ತುಪ್ಪ, ಬಂದದ್ದು ಒಂದು ಹೊರೆ ಹುಲ್ಲು! ತುರ್ಕಿಯಲ್ಲಿ ಸಮಾನ್ ಅಂದರೆ ಒಣಹುಲ್ಲು. ಕೊನೆಗೆ ಅರಬಿ ಬಲ್ಲ ಹಾಜಿಯೊಬ್ಬನನ್ನು ದುಭಾಷಿಯಾಗಿ ಇಟ್ಟುಕೊಂಡರೆ ಅವನು ಸಾಮಾನು ತರುವ ದುಡ್ಡಿನಲ್ಲಿ ದಿನಾ ಒಂದಿಷ್ಟು ಹಾರಿಸುತ್ತಿದ್ದ. ಬಿಡುವ ಹಾಗಿಲ್ಲ, ಬಿಟ್ಟರೆ ಮಾತೇ ಇಲ್ಲ. ಆದ್ದರಿಂದ ಸಂಜೆ ಇವರೇ ಅವನನ್ನು ಕೂರಿಸಿ ಇವತ್ತು ಎಷ್ಟು ಕದ್ದೆ ಅಂತ ಕೇಳುವುದು, ಅವನು ಪ್ರಾಮಾಣಿಕವಾಗಿ ಇಷ್ಟು ಅಂತ ಹೇಳುವುದು, ಎಲ್ಲರೂ ನಗುವುದು.

ಸಿನೋಪ್ ಪಟ್ಟಣದ ಕತೆ ನಮ್ಮ ಓದುಗರಿಗೆ ವಿಶೇಷ ಹಿಡಿಸಬಹುದು. ಮಾಲಿಕಿಗಳಾದ ಇವರು ನಮಾಝಿನಲ್ಲಿ ಕೈ ಕಟ್ಟದೆ ಇಳಿಬಿಟ್ಟು ನಿಂತರು. ಹನಫಿಗಳಾದ ಊರವರು ಅದನ್ನು ಕಂಡದ್ದೇ ಇಲ್ಲ. ಹಾಗೆ ನಿಲ್ಲುವವರು ಶಿಯಾಗಳು ಮಾತ್ರ ಅಂತ ಅವರ ತಿಳುವಳಿಕೆ. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಊರಿನ ಅಧಿಕಾರಿ ಒಂದು ಮೊಲವನ್ನು ಕಳಿಸಿಕೊಟ್ಟ, ನೋಡಿಕೊಂಡು ಬರಲಿಕ್ಕೆ ಒಬ್ಬ ಸೇವಕನನ್ನೂ ಕಳಿಸಿದ. ಶಿಯಾಗಳು ಮೊಲ ತಿನ್ನುವುದಿಲ್ಲ ತಾನೇ. ಇವರು ಅದನ್ನು ಹಲಾಲ್ ಮಾಡಿ ಬೇಯಿಸಿ ತಿಂದರು. ಸೇವಕ ಹೋಗಿ ವರದಿ ಒಪ್ಪಿಸಿದ ಮೇಲೆ ಸಂಶಯ ಪರಿಹಾರವಾಗಿ ಮರ್ಯಾದೆ ಶುರುವಾಯಿತು. ಒಂದು ಮೊಲದ ಸಾರಿನಲ್ಲಿ ಮಝ್‌ಹಬ್ ತೀರ್ಮಾನವಾದದ್ದು ಚರಿತ್ರೆಯಲ್ಲಿ ಇದೊಂದೇ ಇರಬೇಕು.

ಕಪ್ಪು ಸಮುದ್ರ ದಾಟಿ ಕಫಾ ಅನ್ನುವ ಬಂದರಿನಲ್ಲಿ ಇಳಿದು ಮಸೀದಿಯಲ್ಲಿ ತಂಗಿದರು. ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ದಿಕ್ಕಿನಿಂದ ಚರ್ಚಿನ ಗಂಟೆಗಳು ಬಾರಿಸತೊಡಗಿದವು. ಹುಟ್ಟಿದಂದಿನಿಂದ ಅಂಥ ಸದ್ದು ಕೇಳಿರದ ಇಬ್ನ್ ಬತೂತಾ ಗಾಬರಿಬಿದ್ದು ಸಂಗಡಿಗರನ್ನು ಮಿನಾರಕ್ಕೆ ಹತ್ತಿಸಿ ಕುರ್‌ಆನ್ ಓದಿಸಿದರು, ಬಾಂಗ್ ಕೊಡಿಸಿದರು. ಅದನ್ನು ಕೇಳಿ ಇನ್ನೊಬ್ಬರು ಗಾಬರಿಬಿದ್ದರು. ಊರಿನ ಮುಸ್ಲಿಮರ ಖಾಝಿ ಕವಚ ತೊಟ್ಟು ಆಯುಧ ಹಿಡಿದು ಓಡಿ ಬಂದರು, ಈ ಹೊಸಬರಿಗೆ ಏನಾಗಿಬಿಡುತ್ತದೋ ಅಂತ. ಏನೂ ಆಗಲಿಲ್ಲ.

ಇನ್ನು ಚಳಿ. ಕಾನ್‌ಸ್ಟಾಂಟಿನೋಪಲ್ ನೋಡಿ ವೋಲ್ಗಾ ನದಿಯ ಕಡೆಗೆ ಹಿಂತಿರುಗುವಾಗ ನದಿಯೇ ಹೆಪ್ಪುಗಟ್ಟಿತ್ತು. ಮೂರು ತುಪ್ಪಳದ ಅಂಗಿ, ಎರಡು ಇಜಾರು, ಕಾಲಿಗೆ ಒಂದರ ಮೇಲೊಂದು ಬೂಟು. ಇಷ್ಟು ಹಾಕಿಕೊಂಡ ಮೇಲೆ ಕುದುರೆ ಹತ್ತಲಿಕ್ಕೆ ಆಗುತ್ತಿರಲಿಲ್ಲ, ಸಂಗಡಿಗರು ಎತ್ತಿ ಕೂರಿಸಬೇಕಾಗಿತ್ತು. ವುಝೂ ಮಾಡಿದರೆ ಮುಖದ ನೀರು ಗಡ್ಡಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತಿತ್ತು. ಗಡ್ಡ ಅಲ್ಲಾಡಿಸಿದರೆ ಹಿಮ ಉದುರುತ್ತಿತ್ತು.

1333ರಲ್ಲಿ ಸಿಂಧೂ ನದಿ ದಾಟಿ ದೆಹಲಿಗೆ ಬಂದರು. ಮುಹಮ್ಮದ್ ಬಿನ್ ತುಘಲಕ್ ಇವರನ್ನು ಖಾಝಿ ಮಾಡಿದ. ಸಂಬಳ ದೊಡ್ಡದು, ಸಾಲ ಅದಕ್ಕಿಂತ ದೊಡ್ಡದು. ಸುಲ್ತಾನನ ಕೈ ಕೊಡುವುದಕ್ಕೂ ಮುಂದು, ತಲೆ ತೆಗೆಯುವುದಕ್ಕೂ ಮುಂದು. ಸುಲ್ತಾನನ ಸಿಟ್ಟಿಗೆ ಗುರಿಯಾದ ಒಬ್ಬ ಶೈಖ್‌ರನ್ನು ಭೇಟಿಯಾದ ತಪ್ಪಿಗೆ ಇವರ ಮೇಲೂ ಕಾವಲು ಬಿತ್ತು. ಉಪವಾಸ, ಕುರ್‌ಆನ್ ಓದು ಅಂತ ದಿನ ಕಳೆದು ಹೇಗೋ ಜೀವ ಉಳಿಯಿತು. ಆಮೇಲೆ ಅದೇ ಸುಲ್ತಾನ ಇವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ನೂರು ಕುದುರೆ, ನೂರು ಗುಲಾಮರು, ನೂರು ನರ್ತಕಿಯರು, ಬೇರೆ ಕಾಣಿಕೆಗಳು. ಆ ಪ್ರಯಾಣವೇ ಅವರನ್ನು 1342ರ ಆಸುಪಾಸಿನಲ್ಲಿ ನಮ್ಮ ಕಡಲಿಗೆ ತಂದಿತು.

ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನ್ ಆಳುತ್ತಿದ್ದ. ಅಲ್ಲಿ ಅವರು ಕಂಡದ್ದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಬಹುದು. ಹೆಣ್ಣುಮಕ್ಕಳಿಗೆ 13 ಮದ್ರಸಗಳು, ಗಂಡುಮಕ್ಕಳಿಗೆ 23. ಹೆಂಗಸರಿಗೆ ಕುರ್‌ಆನ್ ಬಾಯಿಪಾಠ. ಇಷ್ಟು ದೇಶ ಸುತ್ತಿದವರು ಇದನ್ನು ಬೇರೆಲ್ಲೂ ಕಂಡಿರಲಿಲ್ಲವಂತೆ. ಆ ಹೆಂಗಸರು ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ಎದೆಗೂ ತಲೆಗೂ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ಬಳೆ ಹಾಕುತ್ತಿದ್ದರು. ಸೀರೆ ಕಾಣದ ಕಣ್ಣಿಗೆ ಸೀರೆ ಕಂಡದ್ದು ಹೀಗೆ.

ಸುಲ್ತಾನನ ಮನೆಯ ಊಟದ ವಿವರ ಓದುವಾಗ ನಮಗೆ ಬಾಯಲ್ಲಿ ನೀರು ಬಂತು. ತಾಮ್ರದ ತಟ್ಟೆ ಇಡುತ್ತಾರೆ. ರೇಷ್ಮೆ ಉಟ್ಟ ದಾಸಿ ದೊಡ್ಡ ತಾಮ್ರದ ಸೌಟಿನಲ್ಲಿ ಒಂದು ಸೌಟು ಅನ್ನ ಹಾಕಿ ಮೇಲೆ ತುಪ್ಪ ಸುರಿಯುತ್ತಾಳೆ. ಬದಿಗೆ ಉಪ್ಪಿನಲ್ಲಿ ಹಾಕಿದ ಕರಿಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವಿನಕಾಯಿ. ಒಂದು ತುತ್ತು ಅನ್ನ, ಹಿಂದೆ ಸ್ವಲ್ಪ ಉಪ್ಪಿನಕಾಯಿ. ಅದು ಮುಗಿದರೆ ಮತ್ತೊಂದು ಸೌಟು ಅನ್ನ, ಕೋಳಿ. ಮತ್ತೆ ಅನ್ನ, ಬೇರೆ ಬಗೆಯ ಕೋಳಿ. ಆಮೇಲೆ ಮೀನು, ಅದರ ನಂತರ ತರಕಾರಿ. ಎಲ್ಲದರ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಅಂತ ತಿಳಿಯಬೇಕು. ಕುಡಿಯಲಿಕ್ಕೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲ ಅಂತ. ಇದರಲ್ಲಿ ಬದಲಾದದ್ದು ಏನು ಮಾರಾಯ್ರೆ?

ಬದಲಾಗದ್ದು ಇಬ್ನ್ ಬತೂತಾರ ನಾಲಗೆ. ಅವರು ರೊಟ್ಟಿಯ ನಾಡಿನವರು. ಮುಂದೆ ಇದೇ ಸುಲ್ತಾನನ ಬಳಿ 11 ತಿಂಗಳು ರೊಟ್ಟಿ ಕಾಣದೆ ಇದ್ದರು. ಮಾಲ್ದೀವ್ಸ್, ಸಿಲೋನ್, ಮಲಬಾರ್ ಎಲ್ಲ ಸೇರಿ ಮೂರು ವರ್ಷ ಬರೀ ಅನ್ನ. ಕೊನೆಗೆ ಅನ್ನ ಗಂಟಲಲ್ಲಿ ಇಳಿಯದೆ ನೀರು ಕುಡಿದು ನುಂಗಬೇಕಾಯಿತಂತೆ. ಕುಬ್ಬೂಸ್ ತಿಂದು ತಿಂದು ಕುಚ್ಚಿಲಕ್ಕಿ ಗಂಜಿಗಾಗಿ ಹಾತೊರೆಯುವ ನಮ್ಮವರ ಕತೆಯನ್ನೇ ತಿರುಗಿಸಿ ಓದಿದ ಹಾಗಿದೆ.

ದಾರಿಯುದ್ದಕ್ಕೂ ಕರಿಮೆಣಸು. ಮೆಣಸನ್ನು ಹುರಿಯುವುದರಿಂದ ಅದು ಮುದುರುತ್ತದೆ ಅಂತ ಅವರ ಊರಿನಲ್ಲಿ ಜನ ನಂಬಿದ್ದರು. ಹಾಗಲ್ಲ, ಬಿಸಿಲಲ್ಲಿ ಒಣಗಿಸಿದರೆ ಮುದುರುತ್ತದೆ ಅಂತ ಇವರು ತಿದ್ದಿದರು. ಅಂಥ ದುಬಾರಿ ವಸ್ತುವನ್ನು ಕಲ್ಲಿಕೋಟೆಯಲ್ಲಿ ಧಾನ್ಯ ಅಳೆದ ಹಾಗೆ ಅಳೆದು ಸುರಿಯುವುದನ್ನು ಕಂಡಾಗ ಅವರ ಕಣ್ಣು ಅರಳಿತು. ಮರದಿಂದ ಬಿದ್ದ ಹಣ್ಣನ್ನು ಕೂಡ ಯಾರೂ ಮುಟ್ಟುವುದಿಲ್ಲ, ಕಳ್ಳತನಕ್ಕೆ ಅಷ್ಟು ಕಠಿಣ ಶಿಕ್ಷೆ ಅನ್ನುವುದೂ ಅವರಿಗೆ ಸೋಜಿಗವೇ.

ಬಸರೂರು, ಬಾರ್ಕೂರು ದಾಟಿ ಹಡಗು ಮಂಜರೂರಿಗೆ ಬಂತು. ಅದೇ ನಮ್ಮ ಮಂಗಳೂರು. ಮಲಬಾರಿನಲ್ಲೇ ಇದಕ್ಕಿಂತ ದೊಡ್ಡ ಅಳಿವೆ ಇಲ್ಲ ಅಂತ ಅವರ ಲೆಕ್ಕ. ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು, ಮೆಣಸು ಮತ್ತು ಶುಂಠಿ ಧಾರಾಳ. ರಾಜನ ಹೆಸರು ರಾಮದೇವ. ಪೇಟೆಯ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರ ವಸತಿ. ಊರವರಿಗೂ ಇವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾದ ರಾಜ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ. ಇಲ್ಲಿನ ಖಾಝಿ ಬದ್ರುದ್ದೀನ್ ಮಅಬರಿ, ಶಾಫಿಈ, ದರ್ಸ್ ನಡೆಸುವ ವಿದ್ವಾಂಸ, ಕೊಡುಗೈ ಮನುಷ್ಯ.

ಖಾಝಿಯವರು ಸ್ವತಃ ಹಡಗಿಗೆ ಬಂದು ದಡಕ್ಕೆ ಇಳಿಯಿರಿ ಅಂತ ಕರೆದರು. ಇವರು ಇಳಿಯಲೊಲ್ಲರು. ರಾಜ ತನ್ನ ಮಗನನ್ನು ಒತ್ತೆಯಾಗಿ ಹಡಗಿನಲ್ಲಿ ಕೂರಿಸಲಿ, ಬಾರ್ಕೂರಿನ ರಾಜ ಹಾಗೆಯೇ ಮಾಡಿದ್ದಾನೆ ಅಂತ ಹಠ. ಬಾರ್ಕೂರಿನ ಮುಸ್ಲಿಮರಿಗೆ ಬಲವಿಲ್ಲ ಅಂತ ಅಲ್ಲಿ ಅದು ಬೇಕಾಯಿತು, ಇಲ್ಲಿ ರಾಜನೇ ನಮಗೆ ಅಂಜುತ್ತಾನೆ, ಒತ್ತೆ ಯಾಕೆ ಅಂತ ಖಾಝಿಯವರ ವಾದ. ಅತಿಥಿ ಬಗ್ಗಲಿಲ್ಲ. ಕೊನೆಗೆ ರಾಜಕುಮಾರ ಹಡಗು ಹತ್ತಿದ, ಇಬ್ನ್ ಬತೂತಾ ಹಡಗು ಇಳಿದರು. ಮೂರು ದಿನ ಒಳ್ಳೆಯ ಸತ್ಕಾರ ನಡೆಯಿತು. ನಮಗೆ ಕುತೂಹಲ ಇರುವುದು ಆ ಹುಡುಗನ ಬಗ್ಗೆ. ಅವನಿಗೆ ಹಡಗಿನಲ್ಲಿ ಮೂರು ದಿನ ಏನು ಕೊಟ್ಟರೋ!

ಕಲ್ಲಿಕೋಟೆಯಲ್ಲಿ ನಗು ನಿಂತಿತು. ಬಂದರಿನಲ್ಲಿ 13 ಚೀನೀ ಹಡಗುಗಳಿದ್ದವು. ಅವುಗಳ ಗಾತ್ರ ಕಂಡು ಇವರು ದಂಗಾಗಿದ್ದರು. ದೊಡ್ಡದರಲ್ಲಿ ಸಾವಿರ ಆಳು, ಬೀಗ ಹಾಕುವ ಕೋಣೆಗಳು, ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರು. ಸುಲ್ತಾನನ ಕಾಣಿಕೆಗಳನ್ನು ಅಂಥ ದೊಡ್ಡದಕ್ಕೆ, ತನ್ನ ಸಾಮಾನು ಮತ್ತು ಮನೆಯವರನ್ನು ಪಕ್ಕದ ಸಣ್ಣ ಹಡಗಿಗೆ ಏರಿಸಿ, ಜುಮಾ ನಮಾಝಿಗೆಂದು ಇವರು ದಡದಲ್ಲಿ ಉಳಿದರು. ರಾತ್ರಿ ಬಿರುಗಾಳಿ ಎದ್ದಿತು. ದೊಡ್ಡ ಹಡಗು ಒಡೆದು ಜೊತೆಯ ರಾಯಭಾರಿಗಳ ಹೆಣಗಳು ದಡಕ್ಕೆ ಬಂದವು. ಇವರೇ ಅವರ ಮಯ್ಯಿತ್ ನಮಾಝ್ ಮಾಡಿದರು. ಸಣ್ಣ ಹಡಗು ಜೀವ ಉಳಿಸಿಕೊಳ್ಳಲು ಹಾಯಿ ಬಿಚ್ಚಿ ಹೊರಟೇಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಹಾಸು. ಆ ಸಣ್ಣ ಹಡಗಿನಲ್ಲಿ ಗರ್ಭಿಣಿಯಾದ ಅವರ ದಾಸಿ ಇದ್ದಳು. ಅವಳು ಸತ್ತಳು, ಸಾಮಾನು ಪರರ ಪಾಲಾಯಿತು ಅನ್ನುವ ಸುದ್ದಿ ಆಮೇಲೆ ಬಂತು. ದೆಹಲಿಗೆ ಬರಿಗೈಯಲ್ಲಿ ಹೋದರೆ ಸುಲ್ತಾನ ಬಿಡುತ್ತಾನೆಯೇ? ಇವರು ಮಾಲ್ದೀವ್ಸ್ ಕಡೆ ಹೋದರು.

ಅಲ್ಲಿ ಮತ್ತೆ ಖಾಝಿ. ಸೊಂಟದಿಂದ ಮೇಲೆ ಬಟ್ಟೆ ಹಾಕದ ದ್ವೀಪದ ಹೆಂಗಸರಿಗೆ ಮೈ ಮುಚ್ಚಿಸಲು ಹೊರಟು ಸೋತರು. ತನ್ನ ಮುಂದೆ ವ್ಯಾಜ್ಯಕ್ಕೆ ಬರುವಾಗ ಮಾತ್ರ ಮುಚ್ಚಿಕೊಂಡು ಬರುತ್ತಿದ್ದರು, ಅಷ್ಟೇ ಗೆಲುವು. ಒಬ್ಬ ಕಳ್ಳನ ಕೈ ಕಡಿಯಲು ತೀರ್ಪು ಕೊಟ್ಟಾಗ ಸಭೆಯಲ್ಲಿದ್ದ ಕೆಲವರು ಮೂರ್ಛೆ ಹೋದರು. ಅಷ್ಟು ಮೆದು ಜನ. ಅಲ್ಲಿ ಹೆಂಡತಿ ಗಂಡನ ಎದುರು ಉಣ್ಣುವ ಪದ್ಧತಿಯಿಲ್ಲ. ಇವರು ಅಲ್ಲಿ ಹಲವು ಮದುವೆಯಾದವರು. ಹೇಳಿ ಹೇಳಿ ಕೆಲವರನ್ನು ಜೊತೆಗೆ ಕೂರಿಸಿಕೊಂಡರು. ಉಳಿದವರು ಏನು ಮಾಡಿದರೂ ಬರಲಿಲ್ಲ, ಅವರು ಉಣ್ಣುವುದನ್ನು ಕೊನೆಗೂ ಕಾಣಲಿಕ್ಕಾಗಲಿಲ್ಲ. ಊರೂರಲ್ಲಿ ಮದುವೆ, ಊರೂರಲ್ಲಿ ತಲಾಖ್. ಈ ಮಹಾಶಯರ ಜೀವನದಲ್ಲಿ ನಮಗೆ ಹಿಡಿಸದ ಭಾಗ ಇದು. ಹಿಂದೆ ಉಳಿದ ಆ ಹೆಂಗಸರ ಮತ್ತು ಮಕ್ಕಳ ಕತೆ ಯಾರೂ ಬರೆದಿಟ್ಟಿಲ್ಲ.

ಚೀನಾದಲ್ಲಿ ಕಾಗದದ ದುಡ್ಡು ಕಂಡರು. ಬೆಳ್ಳಿ ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಮೊದಲು ಕಾಗದಕ್ಕೆ ಬದಲಾಯಿಸಬೇಕು. ಒಂದು ಕೋಳಿ ತಂದರೆ ಪಾತ್ರೆಯಲ್ಲಿ ಹಿಡಿಯದೆ ಎರಡು ಪಾತ್ರೆಯಲ್ಲಿ ಬೇಯಿಸಬೇಕಾಯಿತು. ಪೇಟೆಯಲ್ಲಿ ನಡೆದುಹೋಗಿ ಸಂಜೆ ವಾಪಸ್ ಬರುವಾಗ ಗೋಡೆಯ ಮೇಲೆ ತಮ್ಮದೇ ಚಿತ್ರಗಳು! ಹೊಸಬರು ತಪ್ಪು ಮಾಡಿ ಓಡಿಹೋದರೆ ಹಿಡಿಯಲಿಕ್ಕೆ ಅಂತ ಅಲ್ಲಿ ಪ್ರತಿ ಪರದೇಶಿಯ ಮುಖ ಬರೆದಿಡುವ ಪದ್ಧತಿ. ಅದೇ ದೇಶದಲ್ಲಿ ಮೊರೊಕ್ಕೊ ಕಡೆಯ ಸೆವ್‌ಟಾ ಪಟ್ಟಣದ ಒಬ್ಬ ವಿದ್ವಾಂಸ ಸಿಕ್ಕಾಗ ಇಬ್ಬರೂ ಕಣ್ಣೀರು ಹಾಕಿದರು. ವರ್ಷಗಳ ನಂತರ ಸಹಾರಾ ಮರುಭೂಮಿಯ ಅಂಚಿನ ಸಿಜಿಲ್‌ಮಾಸಾದಲ್ಲಿ ಇವರು ಉಳಿದುಕೊಂಡ ಮನೆ ಯಾರದು ಅಂದರೆ, ಆ ವಿದ್ವಾಂಸನ ಅಣ್ಣತಮ್ಮಂದಿರಲ್ಲಿ ಒಬ್ಬರದು.

1348ರಲ್ಲಿ ಡಮಾಸ್ಕಸ್ ತಲುಪಿದರು. 20 ವರ್ಷಗಳ ಹಿಂದೆ ಅಲ್ಲಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಬಂದಿದ್ದರು. ಗಂಡುಮಗು ಹುಟ್ಟಿದ ಸುದ್ದಿ ಇಂಡಿಯಾದಲ್ಲಿದ್ದಾಗ ತಿಳಿದು ಮಗುವಿನ ಅಜ್ಜನಿಗೆ 40 ಚಿನ್ನದ ದೀನಾರ್ ಕಳಿಸಿದ್ದರು. ಈಗ ಮಸೀದಿಗೆ ಹೋಗಿ ಮಗನನ್ನು ಕೇಳಿದರೆ, ಅವನು ತೀರಿಕೊಂಡು 12 ವರ್ಷವಾಯಿತು ಅಂದರು. ತಂಜಾದ ಕಡೆಯ ಒಬ್ಬ ವಿದ್ವಾಂಸರು ಅಲ್ಲಿದ್ದರು. ಮನೆಯವರ ಸುದ್ದಿ ಕೇಳಿದರೆ ತಂದೆ ಹೋಗಿ 15 ವರ್ಷ, ಉಮ್ಮ ಇದ್ದಾರೆ ಅಂತ ಹೇಳಿದರು.

ಉಮ್ಮ ಇದ್ದಾರೆ ಅನ್ನುವ ಆ ಮಾತು ಹಿಡಿದುಕೊಂಡು ನೇರ ಮನೆಗೆ ಓಡಲಿಲ್ಲ. ಆ ವರ್ಷ ಮಹಾ ಪ್ಲೇಗ್, ಸಿರಿಯಾ ಮತ್ತು ಈಜಿಪ್ಟಿನಲ್ಲಿ ದಿನಾ ನೂರಾರು ಹೆಣ. ಅದರ ನಡುವೆ ಇನ್ನೊಂದು ಹಜ್ಜ್ ಮಾಡಿ, 1349ರಲ್ಲಿ ಮೊರೊಕ್ಕೊದ ತಾಝಾ ಊರಿಗೆ ಬಂದರು. ತಂಜಾ ಇನ್ನು ದೂರವಿಲ್ಲ. ಅಲ್ಲಿ ಸುದ್ದಿ ಸಿಕ್ಕಿತು, ಉಮ್ಮ ಪ್ಲೇಗಿನಲ್ಲಿ ತೀರಿಕೊಂಡರು ಅಂತ. 24 ವರ್ಷಗಳ ಮೇಲೆ ಹುಟ್ಟೂರಿಗೆ ಹೋಗಿ ಅವರು ಮಾಡಿದ್ದು ಕಬರ್ ಝಿಯಾರತ್.

ಮನೆಯಲ್ಲಿ ನಿಲ್ಲಲಾಗಲಿಲ್ಲವೋ ಏನೋ, ಮತ್ತೆ ಹೊರಟರು. 1352ರಲ್ಲಿ ಸಹಾರಾ ದಾಟಿ ಮಾಲಿ ದೇಶಕ್ಕೆ. ದಾರಿಯ ತಗಾಝಾದಲ್ಲಿ ಮನೆಯೂ ಮಸೀದಿಯೂ ಉಪ್ಪಿನ ಗಟ್ಟಿಗಳಿಂದ ಕಟ್ಟಿದ್ದು, ಮಾಡಿಗೆ ಒಂಟೆಯ ಚರ್ಮ. ನಮ್ಮ ಆಷಾಢದ ಒಂದು ಮಳೆ ಸಾಕು, ಇಡೀ ಊರು ಕರಗಿ ಹೋಗಲಿಕ್ಕೆ. ಮಾಲಿಯ ರಾಜ ಮನ್ಸಾ ಸುಲೈಮಾನ್ ಕಾಣಿಕೆ ಕಳಿಸಿದ್ದಾನೆ ಅಂತ ಜನ ಓಡಿ ಬಂದು ತಿಳಿಸಿದಾಗ, ಉಡುಗೊರೆ ಬಟ್ಟೆ ಮತ್ತು ಹಣ ಇರಬೇಕು ಅಂತ ಇವರು ಎದ್ದು ನಿಂತರು. ನೋಡಿದರೆ ಮೂರು ರೊಟ್ಟಿ, ಒಂದು ತುಂಡು ಕರಿದ ಮಾಂಸ, ಸೋರೆಬುರುಡೆಯಲ್ಲಿ ಮೊಸರು. ತುಘಲಕನ ಕೈ ಕಂಡವರಿಗೆ ನಗು ತಡೆಯಲಾಗಲಿಲ್ಲ.

1354ರಲ್ಲಿ ಫೆಝ್‌ನ ಸುಲ್ತಾನ್ ಅಬೂ ಇನಾನ್ ಇದನ್ನೆಲ್ಲ ಬರೆಸಲು ಆಜ್ಞೆ ಮಾಡಿದ. ಇವರು ಹೇಳಿದರು, ಇಬ್ನ್ ಜುಝಯ್ ಅನ್ನುವ ವಿದ್ವಾಂಸ ಬರೆದರು. 1355ರ ಡಿಸೆಂಬರಿನಲ್ಲಿ ಪುಸ್ತಕ ಮುಗಿಯಿತು. ಜನ ರಿಹ್ಲಾ ಅಂತ ಕರೆಯುವುದು ಅದನ್ನೇ. ಅದರಲ್ಲಿ ಕೆಲವು ಭಾಗ ಹಿಂದಿನವರ ಪುಸ್ತಕಗಳಿಂದ ಸೇರಿದ್ದು, ಕೆಲವು ಪ್ರಯಾಣಗಳ ಬಗ್ಗೆ ವಿದ್ವಾಂಸರಿಗೆ ಈಗಲೂ ಸಂಶಯ ಇದೆ. ನಮ್ಮ ಕರಾವಳಿಯ ಭಾಗ ಮಾತ್ರ, ನಮ್ಮ ಅಭಿಪ್ರಾಯದಲ್ಲಿ, ಕಣ್ಣಾರೆ ಕಂಡವನ ಮಾತು. ಮೊಸರು ಕೊನೆಗೆ ಬರುತ್ತದೆ ಅಂತ ಊಹಿಸಿ ಬರೆಯಲಿಕ್ಕಾಗುತ್ತದೆಯೇ?

ಉಳಿದ ವರ್ಷಗಳನ್ನು ಮೊರೊಕ್ಕೊದಲ್ಲೇ ಖಾಝಿಯಾಗಿ ಕಳೆದು 1368 ಅಥವಾ 1369ರಲ್ಲಿ ತೀರಿಕೊಂಡರು.

ಇವರು ಹೇಳಿದ್ದನ್ನು ಫೆಝ್‌ನ ಆಸ್ಥಾನದಲ್ಲಿ ಬಹಳ ಮಂದಿ ನಂಬಿರಲಿಲ್ಲ, ಸುಳ್ಳುಗಾರ ಅಂತ ಪಿಸುಗುಟ್ಟುತ್ತಿದ್ದರು. ಆಗ ಅಲ್ಲಿದ್ದ ಯುವಕ ಇಬ್ನ್ ಖಲ್ದೂನ್, ಮುಂದೆ ದೊಡ್ಡ ಇತಿಹಾಸಕಾರರಾದವರು, ತನಗೂ ಸಂಶಯ ಅಂತ ವಝೀರ್ ಫಾರಿಸ್‌ರ ಬಳಿ ಹೇಳಿದರು. ವಝೀರರು ಒಂದು ಕತೆ ಹೇಳಿದರು. ಹಿಂದೆ ಒಬ್ಬ ವಝೀರ ಜೈಲು ಸೇರಿದ, ಅವನ ಮಗ ಅಲ್ಲೇ ಬೆಳೆದ. ಬುದ್ಧಿ ಬಂದ ಮೇಲೆ ತಾನು ತಿನ್ನುವ ಮಾಂಸ ಯಾವುದರದು ಅಂತ ಹುಡುಗ ಕೇಳಿದ. ಕುರಿಯದು ಅಂತ ತಂದೆ ಹೇಳಿ, ಕುರಿ ಹೇಗಿರುತ್ತದೆ ಅಂತ ಕೊಂಬು, ಕಾಲು, ಬಾಲ ಎಲ್ಲ ವಿವರಿಸಿದ. ಹುಡುಗ ತುಂಬಾ ಯೋಚಿಸಿ, ಅಂದರೆ ಅದು ಇಲಿಯ ಹಾಗೆ ಅಲ್ಲವಾ ಬಾಪಾ ಅಂತ ಕೇಳಿದ. ಜೈಲಿನಲ್ಲಿ ಅವನು ಕಂಡ ಪ್ರಾಣಿ ಇಲಿ ಒಂದೇ. ಅದಲ್ಲ ಮಗನೇ ಅಂತ ಎಷ್ಟು ಹೇಳಿದರೂ, ಒಂಟೆಯ ವಿಷಯ ಬಂದಾಗಲೂ ಹುಡುಗ ಅದೇ ಇಲಿಯನ್ನು ಎಳೆದು ತರುತ್ತಿದ್ದ.